ಲೆಕ್ಕ ಚುರುಕಾಯಿತು, ಚಿಕಿತ್ಸೆ ಹತ್ತಿರವಾಯಿತೇ?

ಔಷಧಿಗೆ ಬಗ್ಗದ ಖಿನ್ನತೆಗೆ ಕಾಂತೀಯ ಪ್ರಚೋದನೆ ಹೊಸ ಚಿಕಿತ್ಸೆಯೇನಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಈ ವಿಧಾನವನ್ನು ತೋರಿಸಿಕೊಟ್ಟರು. 2008ರಲ್ಲಿ ಅಮೆರಿಕ ಇದನ್ನು ಖಿನ್ನತೆಯ ಚಿಕಿತ್ಸೆಗೆ ಅಂಗೀಕರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದು ಲಭ್ಯ. ತಲೆಗೆ ತಾಗಿಸಿದ ಸುರುಳಿಯಲ್ಲಿ ಕ್ಷಣಮಾತ್ರ ಹರಿಯುವ ವಿದ್ಯುತ್ತಿನಿಂದ ಕಾಂತಕ್ಷೇತ್ರ ಏರಿಳಿಯುತ್ತದೆ. ಅದರಿಂದ ಮಿದುಳಿನಲ್ಲಿ ಉಂಟಾಗುವ ವಿದ್ಯುತ್ ಕ್ಷೇತ್ರವೇ ನರಕೋಶಗಳನ್ನು ಪ್ರಚೋದಿಸುತ್ತದೆ.

ತೊಡಕಿರುವುದು ಪ್ರಮಾಣವನ್ನು ನಿರ್ಧರಿಸುವುದರಲ್ಲಿ. ಕೈಬೆರಳು ಅದುರಲು ಬೇಕಾದ ಶಕ್ತಿಯನ್ನೇ ಅಳತೆಗೋಲಾಗಿ ಬಳಸುವುದು ರೂಢಿ. ಆದರೆ ಖಿನ್ನತೆಯಲ್ಲಿ ಪ್ರಚೋದನೆ ತಲುಪಬೇಕಾದದ್ದು ಹಣೆಯ ಹಿಂದಿನ ಭಾಗಕ್ಕೆ. ತಲೆಬುರುಡೆಯ ದಪ್ಪ, ಮಿದುಳಿನ ಮಡಿಕೆಗಳು ಒಬ್ಬೊಬ್ಬರಲ್ಲೂ ಬೇರೆ. ಆದ್ದರಿಂದ ಒಳಗಿನ ಕ್ಷೇತ್ರವೂ ಬೇರೆ. ಎಂಆರ್‌ಐ ಚಿತ್ರವನ್ನು ಆಧರಿಸಿ ಇದನ್ನು ಲೆಕ್ಕಹಾಕಬಹುದಾದರೂ ಸುರುಳಿಯನ್ನು ತುಸು ಸರಿಸಿದರೆ ಮತ್ತೆ ಮೊದಲಿನಿಂದ ಗುಣಿಸಬೇಕು. ಡೀಪ್ ಲರ್ನಿಂಗ್ ನೆರವಾಗುವುದು ಇಲ್ಲಿಯೇ. ಇಂಥ ಲೆಕ್ಕಗಳಿಂದ ಕಲಿತ ಗಣಕಜಾಲವು ಹೊಸ ತಲೆಯ ಉತ್ತರವನ್ನು ಕ್ಷಣಾರ್ಧದಲ್ಲಿ ಅಂದಾಜಿಸಬಲ್ಲದೆಂಬುದನ್ನು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದರು.

ಆದರೆ ಅದು ಯಾರ ತಲೆಗಳಿಂದ ಕಲಿಯಿತು ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಕಲಿತ ಮಾದರಿಗಳಿಗಿಂತ ಭಿನ್ನವಾದ ತಲೆ ಎದುರಾದಾಗ ಯಂತ್ರವು ತಪ್ಪನ್ನೂ ಅಷ್ಟೇ ವೇಗವಾಗಿ ಹೇಳೀತು. 6ರಿಂದ 60 ವರ್ಷ ವಯೋಮಾನದ ಭಾರತೀಯರಿಗಾಗಿ ಐದು ಪ್ರತ್ಯೇಕ ಮಿದುಳಿನ ನಕ್ಷೆಗಳನ್ನು ನಿಮ್ಹಾನ್ಸ್ ತಜ್ಞರು 2020ರಲ್ಲಿ ರೂಪಿಸಿದ್ದು ಇಂಥ ಅಗತ್ಯಕ್ಕಾಗಿಯೇ. ವಿದ್ಯುತ್ ಕ್ಷೇತ್ರದ ಮಾದರಿಗಳನ್ನೂ ನಮ್ಮವರ ಚಿತ್ರಗಳ ಮೇಲೆ ಒರೆಗೆ ಹಚ್ಚಬೇಕು.

ಎರಡನೆಯ ಪ್ರಶ್ನೆ ದೂರದ್ದು. ಈ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ನಡೆಯುತ್ತದೆ. ಹಾವೇರಿ ಜಿಲ್ಲೆಯ ಹೊಸರಿತ್ತಿಯ ರೈತನೊಬ್ಬ ಹೊಲ ಬಿಟ್ಟು, ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಲ್ಲಿ ಅಷ್ಟು ದಿನ ಉಳಿಯುವುದೆಂತು? ದೇಶದಲ್ಲಿ ಮಾನಸಿಕ ಕಾಯಿಲೆಯುಳ್ಳವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಗೆ ಅನುಗುಣವಾಗಿ, ಶೇ 70ರಿಂದ 92ರಷ್ಟಿದೆ ಎಂದು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದೆ. ಇವರಲ್ಲಿ ಬಹುಪಾಲು ಜನರಿಗೆ ಮೊದಲು ಬೇಕಾದದ್ದು ವೈದ್ಯರ ಭೇಟಿ ಮತ್ತು ಮಾತ್ರೆ. ಸುರುಳಿಯ ಸರದಿ ಆಮೇಲೆ.

ಹಾಗೆಂದು ತಂತ್ರಜ್ಞಾನವನ್ನು ಬದಿಗಿಡಬೇಕೆಂಬುದು ನನ್ನ ವಾದವಲ್ಲ. ಲೆಕ್ಕ ಸುಲಭವಾದಷ್ಟೂ ಪರಿಣತರ ಸಂಖ್ಯೆ ಕಡಿಮೆಯಿರುವ ಊರಿನಲ್ಲೂ ಚಿಕಿತ್ಸೆಯನ್ನು ಕರಾರುವಾಕ್ಕಾಗಿ ನೀಡುವುದು ಸಾಧ್ಯವಾದೀತು. ಆ ಲಾಭ ಮಹಾನಗರದ ಖಾಸಗಿ ಆಸ್ಪತ್ರೆಗಳಿಗಷ್ಟೇ ದಕ್ಕಬಾರದು. ಧಾರವಾಡದ ಡಿಮ್ಹಾನ್ಸ್‌ನಂಥ ಪ್ರಾದೇಶಿಕ ಸಂಸ್ಥೆಗಳನ್ನು ಈ ಸಂಶೋಧನೆಯಲ್ಲಿ ಆರಂಭದಿಂದಲೇ ಪಾಲುದಾರರನ್ನಾಗಿಸುವುದು ಸರ್ಕಾರದ ಹೊಣೆ. ಉತ್ತರ ಕರ್ನಾಟಕದ ರೋಗಿಗಳ ಚಿತ್ರಗಳೂ, ಅವರ ಒಪ್ಪಿಗೆ ಪಡೆದು, ಆ ಕಲಿಕೆಯಲ್ಲಿ ಸೇರಲಿ.