ಕಾರಿನ ನವವಿನ್ಯಾಸ ಒಡೆಯನಿಗೆ ಹಿತವೇ?

ಗುಂಡಿಗಳಿದ್ದ ಕಡೆ ಗಾಜಿನ ಪರದೆ, ಕಾರ್ಬೊರೇಟರ್ ಇದ್ದ ಕಡೆ ಗಣಕದ ಆಜ್ಞೆ, ಬೀದಿಯ ಮೆಕ್ಯಾನಿಕ್ ಇದ್ದ ಕಡೆ ಕಂಪನಿಯ ಸರ್ವಿಸ್ ಸೆಂಟರ್: ಕಾರು ಪಡೆದುಕೊಂಡಿರುವ ಈ ರೂಪಾಂತರದಿಂದ ಅದನ್ನು ಕೊಂಡವನಿಗೆ ಒದಗಿದ್ದು ಲಾಭವೋ ನಷ್ಟವೋ ಎಂಬ ಪ್ರಶ್ನೆಯನ್ನು ಕುರಿತು, ವಾಹನಗಳಲ್ಲಿ ಸಮಾನವಾದ ಆಸಕ್ತಿಯುಳ್ಳ ಇಬ್ಬರ ವಾದಗಳು ಇಲ್ಲಿವೆ.

ಪರ

ಅಂಬಾಸಿಡರ್ ಕಾರಿನ ಹಿಂದಿನ ಆಸನದ ವೈಶಾಲ್ಯವನ್ನಾಗಲಿ, ಮಲೆನಾಡಿನ ಹದಗೆಟ್ಟ ಹಾದಿಗಳಲ್ಲಿ ಅದು ತೋರುತ್ತಿದ್ದ ಸಹನೆಯನ್ನಾಗಲಿ ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನ ಸಂತತಿಯಾಗಿ 1950ರ ದಶಕದ ಕೊನೆಯಲ್ಲಿ ಹುಟ್ಟಿ, 2014ರವರೆಗೆ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಹೊರಬೀಳುತ್ತಿದ್ದ ಆ ವಾಹನಕ್ಕೆ ಗೌರವ ಸಲ್ಲಲಿ. ಆದರೆ ಅದರ ಭಕ್ತರು ಬಾಯಿತುಂಬ ಆಡುವ ಮಾತೊಂದುಂಟು: "ಹಳೇ ಗಾಡಿ ತಗಡು ಗಟ್ಟಿ ಸ್ವಾಮಿ, ಗುದ್ದಿದರೂ ಏನೂ ಆಗೋಲ್ಲ." ಈ ಮಾತು ಭ್ರಾಂತಿ, ಅದೂ ಪ್ರಾಣಾಂತಿಕವಾದ ಭ್ರಾಂತಿ.

ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು ತನ್ನ ಐವತ್ತನೆಯ ವರ್ಷದಲ್ಲಿ, ಎಂದರೆ 2009ರಲ್ಲಿ, 1959ರ ಷೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಷೆವ್ರೊಲೆ ಮಾಲಿಬುವನ್ನೂ ಗಂಟೆಗೆ ಸುಮಾರು 64 ಕಿಲೋಮೀಟರಿನ ವೇಗದಲ್ಲಿ ಎದುರುಬದುರಾಗಿ ಢಿಕ್ಕಿ ಹೊಡೆಸಿತು. ನೋಡುವ ಕಣ್ಣಿಗೆ ದುರ್ಗದಂತೆ ತೋರುವ ಬೆಲ್ ಏರಿನಲ್ಲಿ ಕುಸಿದದ್ದು ಮನುಷ್ಯನು ಕುಳಿತುಕೊಳ್ಳುವ ಭಾಗವೇ; ಅದರ ಚಾಲಕನ ಸ್ಥಾನದಲ್ಲಿ ಬೊಂಬೆಯ ಬದಲು ಮನುಷ್ಯನಿದ್ದಿದ್ದರೆ ಆತ ಸ್ಥಳದಲ್ಲೇ ಮೃತನಾಗುತ್ತಿದ್ದನೆಂದು ಪರೀಕ್ಷಕರು ನಿರ್ಣಯಿಸಿದರು. ಹೊಸ ಕಾರಿನ ಮುಂಭಾಗವಾದರೋ, ತಾನು ಮಡಿಸಿಕೊಂಡು ಆಘಾತವನ್ನು ನುಂಗಿ, ಆಸನಗಳಿದ್ದ ಕೋಶವನ್ನು ಅಭಂಗವಾಗಿ ಉಳಿಸಿತು. ಅದರ ಚಾಲಕನಿಗೆ ಕಾಲಿನ ಸಣ್ಣ ಗಾಯಕ್ಕಿಂತ ಹೆಚ್ಚಿನದು ಆಗುತ್ತಿರಲಿಲ್ಲ. ಜಜ್ಜಿಹೋಗುವುದೇ ಆ ಮುಂಭಾಗದ ಕರ್ತವ್ಯವೆಂಬುದನ್ನು ಅರಿಯದವರು, ಸಣ್ಣ ಅಪಘಾತದಲ್ಲಿ ನುಜ್ಜಾದ ಬಾನೆಟ್ಟನ್ನು ಕಂಡು, ಇದೇನು ಕಾಗದದ ಕಾರೋ ಎಂದು ನಗುತ್ತಾರೆ.

ನಮ್ಮ ದೇಶದ ಮಟ್ಟಿಗೆ ಈ ಜ್ಞಾನೋದಯ ತಡವಾಗಿಯೇ ಬಂದಿತು. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪ್ರಕಟಿಸಿದ ಢಿಕ್ಕಿ ಪರೀಕ್ಷೆಯಲ್ಲಿ ಇಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳೂ ಸೊನ್ನೆ ನಕ್ಷತ್ರ ಪಡೆದವು. 2018ರ ಕೊನೆಯಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು. ಮರುವರ್ಷ ಎಬಿಎಸ್ ಬ್ರೇಕೂ ಚಾಲಕನ ಏರ್‌ಬ್ಯಾಗೂ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದವು. ಆಷಾಢದ ಮಳೆಯಲ್ಲಿ ಆಗುಂಬೆಯ ತಿರುವೊಂದರಲ್ಲಿ ಎದುರಿಗೆ ಬಸ್ಸು ಎರಗಿದಾಗ, ಗಾಬರಿಯಿಂದ ಬ್ರೇಕನ್ನು ಪೂರ್ತಿ ಒತ್ತಿದವನ ಚಕ್ರಗಳು ಬಿಗಿದು ಜಾರದಂತೆ, ಸೆಕೆಂಡಿಗೆ ಹಲವು ಬಾರಿ ಹಿಡಿತವನ್ನು ಸಡಿಲಿಸಿ ಮತ್ತೆ ಬಿಗಿಮಾಡುವ ಎಬಿಎಸ್‌ನ ಈ ಏರ್ಪಾಡು ಮನುಷ್ಯನ ಪಾದದಿಂದ ಆಗತಕ್ಕದ್ದಲ್ಲ. ಅದಕ್ಕೆ ಗಣಕವೇ ಬೇಕು. 2020ರ ಏಪ್ರಿಲ್ಲಿನಿಂದ ಜಾರಿಯಾದ ಬಿಎಸ್-6 ಹೊಗೆಯ ಮಿತಿಯನ್ನು ಕೂಡ ಕಾರ್ಬೊರೇಟರನ್ನು ಕೈಯಿಂದ ತಿರುಗಿಸಿ ಸಾಧಿಸಲಾಗದು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು, ಹೊಗೆ ಕುಡಿದು, ನೆರೆಮನೆಯವರಿಂದ ಕಾರು ತಳ್ಳಿಸಿಕೊಂಡ ಕಾಲವನ್ನು ಸುವರ್ಣಯುಗವೆನ್ನುವವರಿಗೆ ನನ್ನ ನಮಸ್ಕಾರ.

ಪರದೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕಾರನ್ನು ಹಿಂದಕ್ಕೆ ತೆಗೆಯುವಾಗ ಬಂಪರಿನ ಹಿಂದೆ ಮಗುವೊಂದು ನಿಂತಿರುವುದನ್ನು ತೋರಿಸುವುದೂ, ಅಪರಿಚಿತ ಊರಿನಲ್ಲಿ ದಾರಿ ಹೇಳುವುದೂ ಅದೇ ಪರದೆ. ಕಲಿಯಲು ಕೆಲವು ದಿನ ಬೇಕಾದೀತು. ಗೇರು ಹಾಕುವುದನ್ನು ಕಲಿಯಲೂ ಬೇಕಾಗಿತ್ತು.

ವಿರೋಧ

ಪ್ರಾಣರಕ್ಷಣೆಯನ್ನು ಕುರಿತು ನನ್ನ ಮಿತ್ರರು ಮಂಡಿಸಿದ ಪೂರ್ವಪಕ್ಷವನ್ನು ನಾನು ಅಕ್ಷರಶಃ ಒಪ್ಪುತ್ತೇನೆ. ನನ್ನ ಮನೆಯವರನ್ನು ಕೂರಿಸಿಕೊಂಡು ಹೆದ್ದಾರಿಗೆ ಹೊರಡುವಾಗ ನಾನೂ ಬೆಲ್ ಏರನ್ನು ಬಯಸಲಾರೆ. ನನ್ನ ಆಕ್ಷೇಪವಿರುವುದು ಅವರು ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟ ಎರಡು ಸರಕುಗಳನ್ನು ಕುರಿತು. ವೋಲ್ವೋ ಕಂಪನಿಯ ನಿಲ್ಸ್ ಬೊಲಿನ್ನನು ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಬಂದದ್ದು 1959ರಲ್ಲಿ. ಬಾಷ್ ಕಂಪನಿಯ ವಿದ್ಯುನ್ಮಾನ ಎಬಿಎಸ್ ಮರ್ಸಿಡಿಸ್ ಕಾರಿಗೆ ಬಂದದ್ದು 1978ರಲ್ಲಿ. ಮರ್ಸಿಡಿಸ್ ಕಾರಿಗೇ ಏರ್‌ಬ್ಯಾಗ್ ಬಂದದ್ದು 1980ರ ದಶಕದ ಆರಂಭದಲ್ಲಿ. ಇವುಗಳಲ್ಲಿ ಒಂದಕ್ಕೂ ಸ್ಪರ್ಶಪರದೆಯ ಹಂಗಿರಲಿಲ್ಲ. ಹೀಗಿರುವಲ್ಲಿ, ಬೇಕಾದ ಸುರಕ್ಷತೆಯ ನೆಪದಲ್ಲಿ ಬೇಡವಾದ ಗಾಜಿನ ಫಲಕವನ್ನೂ, ಬೀಗ ಹಾಕಿದ ಸಾಫ್ಟ್‌ವೇರನ್ನೂ ನಮ್ಮ ಮಡಿಲಿಗೆ ಹಾಕಿ, ಎರಡಕ್ಕೂ ಹಣ ವಸೂಲು ಮಾಡುವುದನ್ನು ಪ್ರಗತಿಯೆಂದು ಕರೆಯಲು ನಾನು ಸಿದ್ಧನಿಲ್ಲ.

ಶಿರಾಡಿ ಘಾಟಿಯ ಮಳೆಯಲ್ಲಿ ಒಳಗಿನ ಉಸಿರಿಗೆ ಮುಂಗಾಜು ಮಬ್ಬಾಗುತ್ತದೆ. ಗಾಳಿಯನ್ನು ತಕ್ಷಣ ಅದರತ್ತ ತಿರುಗಿಸಬೇಕು. ಹಳೆಯ ಕಾರಿನಲ್ಲಿ ಇದಕ್ಕೊಂದು ತಿರುಗುಗುಂಡಿ ಇತ್ತು, ಹಾರ್ಮೋನಿಯಂ ವಾದಕನ ಬೆರಳು ಮನೆಗಳನ್ನು ಬಲ್ಲಂತೆ ಚಾಲಕನ ಬೆರಳು ಅದನ್ನು ಬಲ್ಲುದಾಗಿತ್ತು, ಕಣ್ಣು ರಸ್ತೆಯನ್ನು ಬಿಟ್ಟು ಕದಲಬೇಕಾಗಿರಲಿಲ್ಲ. ಪರದೆಯಲ್ಲಾದರೆ ಚಿಹ್ನೆಯನ್ನು ಹುಡುಕಬೇಕು, ಒಳಪುಟವನ್ನು ತೆರೆಯಬೇಕು, ಕುಲುಕುವ ಕಾರಿನಲ್ಲಿ ನುಣ್ಣನೆಯ ಗಾಜಿನ ಮೇಲೆ ಗುರಿಯಿಟ್ಟು ಮುಟ್ಟಬೇಕು, ಮುಟ್ಟಿದ್ದು ತಗುಲಿತೋ ಇಲ್ಲವೋ ಎಂಬುದನ್ನು ಮತ್ತೊಮ್ಮೆ ಕಣ್ಣಿಂದಲೇ ಖಚಿತಪಡಿಸಿಕೊಳ್ಳಬೇಕು.

ಇದು ನನ್ನೊಬ್ಬನ ಗೊಣಗಾಟವಲ್ಲ. 2022ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು, ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಕಾರುಗಳನ್ನು ಓಡಿಸುತ್ತ, ಆಸನವನ್ನು ಬಿಸಿಮಾಡುವುದು, ರೇಡಿಯೋ ಕೇಂದ್ರವನ್ನು ಬದಲಿಸುವುದು ಮೊದಲಾದ ನಿತ್ಯದ ಕೆಲಸಗಳಿಗೆ ಎಷ್ಟು ಹೊತ್ತು ಹಿಡಿಯುವುದೆಂದು ಅಳೆಯಿತು. ಚಾಲಕರಿಗೆ ಕಾರಿನ ಪರಿಚಯ ಮಾಡಿಕೊಳ್ಳಲು ಮೊದಲೇ ಅವಕಾಶ ಕೊಡಲಾಗಿತ್ತು. ಆದ್ದರಿಂದ, ಕಲಿತರೆ ಸರಿಹೋಗುತ್ತದೆ ಎಂಬ ಮಿತ್ರರ ಸಮಾಧಾನ ಇಲ್ಲಿ ನಿಲ್ಲದು. ಗುಂಡಿಗಳೇ ತುಂಬಿದ್ದ 2005ರ ವೋಲ್ವೋ ಹತ್ತು ಸೆಕೆಂಡಿನಲ್ಲಿ, ಎಂದರೆ 306 ಮೀಟರು ಸಾಗುವಷ್ಟರಲ್ಲಿ, ಕೆಲಸ ಮುಗಿಸಿತು. ಪರದೆಯ ಕಾರುಗಳಲ್ಲಿ ತೀರ ಹಿಂದುಳಿದದ್ದು ಅಷ್ಟಕ್ಕೇ ಸುಮಾರು 45 ಸೆಕೆಂಡು ತೆಗೆದುಕೊಂಡಿತು. ಆ ಹೊತ್ತಿಗೆ ಕಾರು ಸುಮಾರು 1.4 ಕಿಲೋಮೀಟರು ಮುಂದೆ ಹೋಗಿತ್ತು. ಎಲ್ಲ ಪರದೆಗಳೂ ಅಷ್ಟು ಕೆಟ್ಟವಲ್ಲ, ಕೆಲವು ಹದಿನಾಲ್ಕು ಸೆಕೆಂಡಿನೊಳಗೇ ಮುಗಿಸಿದವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಒಂದಾದರೂ ಆ ಹಳೆಯ ವೋಲ್ವೋವನ್ನು ಹಿಂದೆ ಹಾಕಲಿಲ್ಲ. ನಕ್ಷತ್ರ ಹಂಚುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೇ 2026ರಿಂದ, ಇಂಡಿಕೇಟರ್, ವೈಪರ್, ಹಾರ್ನ್ ಮುಂತಾದವುಗಳಿಗೆ ಕೈಗೆ ಸಿಗುವ ನಿಯಂತ್ರಣಗಳಿದ್ದಲ್ಲಿ ಮಾತ್ರ ಪೂರ್ಣ ಶ್ರೇಯಾಂಕವೆಂದು ವಿಧಿಸಿದೆ. ಫೋಕ್ಸ್‌ವ್ಯಾಗನ್ ಕಂಪನಿಯೂ ಗುಂಡಿಗಳನ್ನು ಮರಳಿ ತರುವುದಾಗಿ ಸಾರಿದೆ.

ಇನ್ನು ಒಡೆತನದ ಮಾತು. ಗುಂಡಿಯೊಂದು ಕೆಟ್ಟರೆ ಕೆಡುವುದು ಅದೊಂದೇ. ಪರದೆ ಕೆಟ್ಟರೆ ಅದಕ್ಕೆ ಒಪ್ಪಿಸಿದ್ದೆಲ್ಲವೂ ಕೈಬಿಡುತ್ತದೆ. 2021ರಲ್ಲಿ ಟೆಸ್ಲಾ ಸುಮಾರು 1,35,000 ಕಾರುಗಳನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು: ಪರದೆಯ ಹಿಂದಿದ್ದ ಮೆಮೊರಿ ಚಿಪ್ ಸವೆದು, ಹಿಂಬದಿಯ ಕ್ಯಾಮೆರಾ ಚಿತ್ರವೂ ಗಾಜಿನ ಮಬ್ಬು ತೆಗೆಯುವ ನಿಯಂತ್ರಣವೂ ಕೈಕೊಡುತ್ತಿದ್ದವು. ಮರುವರ್ಷ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ, ಕಾರಿನಲ್ಲಿ ಆಗಲೇ ಅಳವಡಿಸಿದ್ದ ಆಸನದ ಬಿಸಿಗೆ ತಿಂಗಳ ಬಾಡಿಗೆ ಕೇಳಿ, ಜನ ಛೀಮಾರಿ ಹಾಕಿದ ಮೇಲೆ ಅದನ್ನು ಕೈಬಿಟ್ಟಿತು. ಹಣ ಕೊಟ್ಟು ಕೊಂಡ ವಸ್ತುವಿನೊಳಗೇ ಮಾರಿದವನ ಬೀಗವಿರುವುದಾದರೆ ಕೊಂಡವನನ್ನು ಒಡೆಯನೆನ್ನುವುದಕ್ಕಿಂತ ಒಕ್ಕಲೆನ್ನುವುದೇ ಯುಕ್ತ.

ಮಾರುತಿ 800 ದಾರಿಯಲ್ಲಿ ನಿಂತರೆ ಹಳ್ಳಿಯ ಮೆಕ್ಯಾನಿಕ್ಕೂ ಪ್ಲಗ್ ಬಿಚ್ಚಿ ಒರೆಸಿ, ಪಾಯಿಂಟ್ ಉಜ್ಜಿ, ಅದನ್ನು ಹೊರಡಿಸುತ್ತಿದ್ದನು. ಬೇಕಾದ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ದೊರೆಯುತ್ತಿತ್ತು. ಇಂದು ಅದೇ ಮೆಕ್ಯಾನಿಕ್, ಕೈಯಲ್ಲಿ ಕುಶಲತೆಯಿದ್ದೂ ಕಂಪನಿಯ ಸ್ಕ್ಯಾನರ್ ಇಲ್ಲದ ಕಾರಣ, ಬಾನೆಟ್ ಮುಚ್ಚಿ "ಶೋರೂಮಿಗೇ ಹೋಗಿ ಸಾರ್" ಎನ್ನುತ್ತಾನೆ. ಸ್ಟೆಪ್ನಿಯ ಗತಿಯೂ ಇದೇ: ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ, ಪಂಕ್ಚರ್ ಕಿಟ್ ಇದ್ದರೆ ಅದು ಬೇಕಿಲ್ಲವೆಂದು 2020ರ ನಿಯಮ ಹೇಳುತ್ತದೆ. ಟೈರಿನ ಪಕ್ಕೆಯೇ ಸೀಳಿದಾಗ ಆ ಕಿಟ್ಟಿನಿಂದ ಆಗುವ ಉಪಕಾರ ಏನೂ ಇಲ್ಲ.

ಆದುದರಿಂದ ಕೊಳ್ಳುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮೊದಲು ಢಿಕ್ಕಿ ಪರೀಕ್ಷೆಯ ನಕ್ಷತ್ರಗಳನ್ನು ನೋಡಿರಿ. ಅದರಲ್ಲಿ ರಾಜಿ ಬೇಡ. ಬಳಿಕ, ನಿಂತ ಕಾರಿನಲ್ಲಿ ಕುಳಿತು ರಸ್ತೆಯತ್ತಲೇ ದೃಷ್ಟಿಯಿಟ್ಟು, ವೈಪರನ್ನೂ ಮುಂಗಾಜಿನ ಗಾಳಿಯನ್ನೂ ಹೆಡ್‌ಲೈಟನ್ನೂ ಬೆರಳಿನಿಂದಲೇ ಹುಡುಕಿರಿ. ಡಿಕ್ಕಿ ತೆರೆಯಿಸಿ ಸ್ಟೆಪ್ನಿ ಇದೆಯೇ ನೋಡಿರಿ. ಇವು ಸಿಗದಿದ್ದರೆ ಆ ಕಾರನ್ನು ಕೊಳ್ಳಬೇಡಿರಿ, ಕೊಳ್ಳದಿರಲು ಕಾರಣ ಇದೇ ಎಂಬುದನ್ನು ಶೋರೂಮಿನವರಿಗೆ ಬರೆದುಕೊಟ್ಟು ಬನ್ನಿರಿ.