ಪುಸಿಲ್ಯಾನಿಮಸ್ ಅಂದ್ರೆ ಪುಕ್ಕಲ ಕಣ್ರೀ!

ನಮ್ಮ ಟೇಕಲ್ಲಿನ ಹುಡುಗಿಯೊಬ್ಬಳು ಲಾ ಓದಬೇಕು ಅಂತ ಕ್ಲಾಟ್ ಪ್ರವೇಶ ಪರೀಕ್ಷೆಗೆ ತಯಾರಾಗ್ತಿದ್ದಾಳೆ. ಮನೆಯಲ್ಲಿ ತೆಲುಗು, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಬೆಂಗಳೂರಿನ ಕೋಚಿಂಗ್ ಸೆಂಟರೊಂದು ಅವಳ ಕೈಗೆ ಇಂಗ್ಲಿಷ್ ಪದಗಳ ದಪ್ಪ ಪಟ್ಟಿ ಕೊಟ್ಟು ದಿನಕ್ಕೆ ಐವತ್ತು ಉರು ಹೊಡಿ ಅಂದಿದೆ. ಪುಸಿಲ್ಯಾನಿಮಸ್, ಲುಗೂಬ್ರಿಯಸ್, ಆಬ್ಸೀಕ್ವಿಯಸ್... ನಾವು ಪುಕ್ಕಲ, ಅಳುಮೋರೆ, ಬಾಲಬಡುಕ ಅಂತೀವಲ್ಲ, ಅವೇ! ನನ್ನ ಸಿಟ್ಟು ಆ ಪದಗಳ ಮೇಲಲ್ಲ, ಈ ವ್ಯಾಪಾರದ ಮೇಲೆ.

ಯಾಕಂದ್ರೆ ಪರೀಕ್ಷೆಯಲ್ಲಿ ಈಗ ಹಾಗೆ ಕೇಳೋದೇ ಇಲ್ಲ ಸ್ವಾಮಿ. 2008ರಲ್ಲಿ ಕ್ಲಾಟ್ ಶುರುವಾದ ಮೇಲೆ ಬಹಳ ವರ್ಷ ಬಿಡಿ ಪದಗಳ ಅರ್ಥ ಕೇಳ್ತಿದ್ದರು, ನಿಜ. 2020ರಲ್ಲಿ ಅದು ಬದಲಾಯ್ತು. ಸುಮಾರು 450 ಪದಗಳ ಬರಹ ಕೊಟ್ಟು ಅದರ ಮೇಲೆ ಪ್ರಶ್ನೆ. ಪದದ ಅರ್ಥ ಕೇಳಿದರೂ ಆ ವಾಕ್ಯದಲ್ಲಿ ಅದಕ್ಕೇನರ್ಥ ಅಂತ. ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಕಟ್. ಓದಿದ್ದು ಬೇಗ ತಲೆಗೆ ಹೋಗೋದು ಮುಖ್ಯ. ಅಮೆರಿಕದ ಸ್ಯಾಟ್ ಪರೀಕ್ಷೆ ಕೂಡ 2016ರಲ್ಲಿ ಇಂಥ ಅಪರೂಪದ ಪದಗಳ ಗೀಳು ಬಿಟ್ಟಿತು. ಬಿಡದವರು ಪಟ್ಟಿ ಮಾರೋರು. ಓದೋದನ್ನ ಕಲಿಸೋದು ಕಷ್ಟ, ಪಟ್ಟಿ ಜೆರಾಕ್ಸ್ ಮಾಡಿಸೋದು ಸುಲಭ ನೋಡಿ.

ಜಾಮೀನು, ಜಪ್ತಿ, ತಕರಾರು, ವಕಾಲತ್ತು... ಇವೆಲ್ಲ ಅರಬ್ಬಿ-ಪಾರ್ಸಿ ಕಡೆಯಿಂದ ಬಂದ ಪದಗಳು. ಜಮೀನಿನ ವ್ಯಾಜ್ಯಕ್ಕೆ ಮಾಲೂರಿಗೆ ಅಲೆದ ನಮ್ಮ ತಾತಂದಿರಿಗೆ ಇವನ್ನ ಯಾರು ಪಟ್ಟಿ ಮಾಡಿ ಕಲಿಸಿದ್ದರು? ಕೆಲಸದ ಜೊತೆ ಪದ ಬಂತು, ಉಳೀತು.

ನಾನೇನೂ ಇಂಗ್ಲಿಷ್ ವಿರೋಧಿ ಅಲ್ಲ. ನಮ್ಮದೇ ತಾಲ್ಲೂಕಿನ ಮಾಸ್ತಿ ಇಂಗ್ಲಿಷ್ ಎಂ.ಎ. ಮಾಡಿದವರು, ಮನೆಮಾತು ತಮಿಳು, ಬರೆದದ್ದು ಕನ್ನಡದಲ್ಲಿ. ನನ್ನ ತಕರಾರು ಬಾಗಿಲ ಬಗ್ಗೆ. ಡಾಕ್ಟರಾಗಲು ನೀಟ್ ಪರೀಕ್ಷೆ ಕನ್ನಡದಲ್ಲಿ ಬರೀಬಹುದು, ಇಂಜಿನಿಯರಿಂಗಿನ ಜೆಇಇ ಮೇನ್ ಕೂಡ. ಕ್ಲಾಟ್ ಮಾತ್ರ ಬರೀ ಇಂಗ್ಲಿಷ್! ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದಲ್ಲಿ ಓದಿದವರಿಗೆ ಶೇ. 25 ಸೀಟು ಇದೆ. ಆದರೆ ಅಲ್ಲಿಗೂ ಇದೇ ಬಾಗಿಲಲ್ಲಿ ನುಗ್ಗಬೇಕು.

"ಹೈಕೋರ್ಟಿನಲ್ಲಿ ಇಂಗ್ಲಿಷ್ ಬೇಕಲ್ವಾ?" ಅಂತ ಕೇಳೋರಿದ್ದೀರಿ. ಬೇಕು. ಅದಕ್ಕೇ ಐದು ವರ್ಷದ ಕೋರ್ಸ್ ಇದೆಯಲ್ಲ, ಅಲ್ಲಿ ಕಲಿಸಲಿ. ಕೆಳಗಿನ ಕೋರ್ಟಿಗೆ ಬರುವ ರೈತನ ಮಾತು ಅರ್ಥವಾಗುವ ವಕೀಲರೂ ನಮಗೆ ಬೇಕು.

ಪರೀಕ್ಷೆ ಕನ್ನಡಕ್ಕೆ ಬರೋ ತನಕ ಆ ಹುಡುಗಿ ಏನು ಮಾಡಬೇಕು? ದಿನಾ ಇಂಗ್ಲಿಷ್ ಪೇಪರಿನ ಒಂದು ಸಂಪಾದಕೀಯ ಪೂರ್ತಿ ಓದಲಿ. ಅದರ ಸಾರ ನಾಲ್ಕು ಸಾಲು ಕನ್ನಡದಲ್ಲಿ ಬರೀಲಿ. ಗೊತ್ತಿಲ್ಲದ ಪದ ಸಿಕ್ಕರೆ ಇಡೀ ವಾಕ್ಯದ ಸಮೇತ ಗುರುತು ಹಾಕಿಕೊಳ್ಳಲಿ. ಇದಕ್ಕೆ ಕೋಚಿಂಗ್ ಫೀಸು ಬೇಡ.

ಬ್ಲಾಗ್ ಮಿತ್ರರೇ, ನಿಮ್ಮೂರಲ್ಲೂ ಇಂಥ ಪಟ್ಟಿ ಹಿಡಿದು ಕೂತ ಮಕ್ಕಳಿರ್ತಾರೆ. ಪ್ರಶ್ನೆಪತ್ರಿಕೆ ಬದಲಾಗಿದೆ ಅಂತ ಅವರಿಗೊಮ್ಮೆ ಹೇಳಿ. ಹೇಳಬೇಕಾದವರು ಹೇಳ್ತಿಲ್ಲ.