ಒಂದು ಕಾರ್ಡಿನ ಬಲವೆಷ್ಟು?

ನಮ್ಮ ಕರಾವಳಿಯಲ್ಲಿ ಇಪ್ಪತ್ತೆಂಟರ ಇಸ್ಪೀಟು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಬೇರೆ ಆಟಗಳಲ್ಲಿ ಮೆರೆಯುವ ಎಕ್ಕವು ಇಲ್ಲಿ ಗುಲಾಮನಿಗೂ ಒಂಬತ್ತಕ್ಕೂ ತಲೆಬಾಗಬೇಕು. ಗುಲಾಮನಿಗೆ ೩, ಒಂಬತ್ತಕ್ಕೆ ೨, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಬಣ್ಣಕ್ಕೆ ೭ರಂತೆ ನಾಲ್ಕು ಬಣ್ಣಗಳಿಗೆ ೨೮ ಅಂಕ. ಎಲೆಯ ಮೇಲಿನ ಚಿತ್ರ ಬದಲಾಗಲಿಲ್ಲ, ಆಟದ ನಿಯಮ ಬದಲಾಯಿತು. ಬಂಗಾರಕ್ಕೆ ಸಾಂದ್ರತೆಯಿರುವಂತೆ ಎಲೆಗೆ ತನ್ನದೇ ಆದ ಬಲವೊಂದು ಇರುವುದಿಲ್ಲ.

ಈ ಹಳೆಯ ಮಾತನ್ನು ಈಗ ಎತ್ತಲು ಕಾರಣವಿದೆ. ಕುಲಶೇಖರದಿಂದ ಬೆಳಗ್ಗೆ ಪೇಟೆಯ ಕಡೆಗೆ ಹೊರಡುವ ಬಸ್ಸುಗಳಲ್ಲಿ ವಿದ್ಯಾರ್ಥಿಗಳು ವಾದಿಸುವುದು ಮೊಬೈಲಿನ ತೆರೆಯ ಮೇಲಿನ ಕಾರ್ಡುಗಳನ್ನು ಕುರಿತು. ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರಚಿಸಿದ ‘ಮ್ಯಾಜಿಕ್’ ಆಟ ೧೯೯೩ರಲ್ಲಿ ಹೊರಬಂದಂದಿನಿಂದ ಈ ಬಗೆಯ ಆಟಗಳು ಹಲವು ಹುಟ್ಟಿವೆ. ೨೦೨೪ರ ಅಕ್ಟೋಬರ್ ೩೦ರಂದು ಹೊರಬಂದ ‘ಪೊಕೆಮಾನ್ ಟಿಸಿಜಿ ಪಾಕೆಟ್’ ಅವುಗಳಲ್ಲಿ ಒಂದು. ನಾಲ್ಕು ಆಟ ಆಡಿ ಮುಗಿಯುವಷ್ಟರಲ್ಲಿ ‘ಈ ಕಾರ್ಡು ಭಯಂಕರ, ಆ ಕಾರ್ಡು ದಂಡ’ ಎಂಬ ತೀರ್ಪು ಹೊರಬೀಳುತ್ತದೆ. ಆ ತೀರ್ಪನ್ನು ನಂಬಿ ಕೆಲವರು ಕೈಖರ್ಚಿನ ಹಣವನ್ನೂ ಸುರಿಯುತ್ತಾರೆ. ಇವರೇ ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಒಂದು ಆಂದೋಲನವನ್ನು ನಂಬದೆ ಇಪ್ಪತ್ತನ್ನು ಎಣಿಸುವವರು! ಅಲ್ಲಿಯ ಎಚ್ಚರವನ್ನು ಬಸ್ಸಿನಲ್ಲಿ ಬಿಟ್ಟುಬಿಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಆ ಆಟದ ಮೊದಲ ಕಂತಿನಲ್ಲಿಯೇ ಇದ್ದ ‘ಮಿಸ್ಟಿ’ ಎಂಬ ಕಾರ್ಡನ್ನು ಪರೀಕ್ಷಿಸೋಣ. ಆಟಗಾರನ ಕಟ್ಟಿನಲ್ಲಿ ೨೦ ಕಾರ್ಡುಗಳು. ಒಂದೇ ಹೆಸರಿನವು ಎರಡಕ್ಕಿಂತ ಹೆಚ್ಚು ಇರಕೂಡದು. ಏಟು ಹೊಡೆಯಲು ‘ಶಕ್ತಿ’ ಬೇಕು. ಅದು ಸರದಿಗೆ ಒಂದರಂತೆ ದೊರೆಯುತ್ತದೆ. ಮೊದಲು ಆಡುವವನಿಗೆ ಮೊದಲ ಸರದಿಯಲ್ಲಿ ಅದೂ ಇಲ್ಲ. ಮಿಸ್ಟಿಯನ್ನು ಆಡಿದವನು ಪುಚ್ಛ ಬೀಳುವ ತನಕ ನಾಣ್ಯ ಚಿಮ್ಮುತ್ತಾನೆ. ಬಿದ್ದ ಶಿರವೊಂದಕ್ಕೆ ಒಂದು ಶಕ್ತಿಯಂತೆ ಅವನ ನೀರಿನ ಪೊಕೆಮಾನ್ ಒಂದಕ್ಕೆ ಸಲ್ಲುತ್ತದೆ. ಮೊದಲ ಚಿಮ್ಮಿಗೇ ಪುಚ್ಛ ಬಂದು ಏನೂ ದೊರೆಯದಿರುವ ಸಂಭವ ೧/೨. ಒಂದೇ ಶಕ್ತಿ ದೊರೆಯುವುದು ೧/೪. ಎರಡು ಅಥವಾ ಹೆಚ್ಚು ದೊರೆಯುವುದು ಉಳಿದ ೧/೪. ಲೆಕ್ಕ ಹಾಕಿದರೆ ಸರಾಸರಿ ಸರಿಯಾಗಿ ಒಂದು ಶಕ್ತಿ.

‘ಹಾಗಾದರೆ ಈ ಕಾರ್ಡಿನ ಬೆಲೆ ಒಂದು ಶಕ್ತಿ’ ಎಂದು ಮುಗಿಸಬಹುದೇ? ಮುಗಿಸಲಾಗದು. ಅರ್ಧ ಪಾಲು ಸಂದರ್ಭಗಳಲ್ಲಿ ಅದು ಬರಿಗೈ. ಅಲ್ಲದೆ ಅದು ‘ಸಹಾಯಕ’ ವರ್ಗದ್ದು. ಸರದಿಗೆ ಅಂತಹುದನ್ನು ಒಂದೇ ಆಡಬಹುದು. ಅದೇ ಸರದಿಯಲ್ಲಿ ಖಂಡಿತವಾಗಿ ಎರಡು ಕಾರ್ಡು ತಂದುಕೊಡುವ ‘ಪ್ರೊಫೆಸರ್ಸ್ ರಿಸರ್ಚ್’ ಆಗ ಕೈಯಲ್ಲಿಯೇ ಕೊಳೆಯುತ್ತದೆ. ಈ ತ್ಯಾಗವನ್ನು ಕಾರ್ಡಿನ ಮೇಲೆ ಯಾರೂ ಅಚ್ಚುಮಾಡಿಲ್ಲ. ಇನ್ನು ಆಡುವವನು ಯಾರೆಂಬುದೂ ಮುಖ್ಯ. ಹೇಗೂ ಸೋಲಲಿರುವವನಿಗೆ ನಾಣ್ಯದ ಹುಚ್ಚಾಟ ಲಾಭವೇ; ಜಾಣ ಆಟಗಾರನಾದರೋ ತನ್ನ ಜಾಣತನವನ್ನು ನಾಣ್ಯಕ್ಕೆ ಒಪ್ಪಿಸಿದಂತಾಗುತ್ತದೆ.

ಆದರೂ ಮಿಸ್ಟಿಯೆಂದರೆ ಎಲ್ಲರೂ ಹೆದರಿದುದೇಕೆ? ಕಟ್ಟಿನಲ್ಲಿ ಎರಡು ಮಿಸ್ಟಿಗಳಿದ್ದರೆ ಮೊದಲ ಆರು ಕಾರ್ಡುಗಳಲ್ಲಿ ಒಂದಾದರೂ ಬರುವ ಸಂಭವ ಸುಮಾರು ಶೇಕಡ ೫೨. (ಆರಂಭದ ಐದರಲ್ಲಿ ಒಂದಾದರೂ ಮೂಲ ಪೊಕೆಮಾನ್ ಇರಲೇಬೇಕೆಂಬ ನಿಯಮದಿಂದ ಇದು ತುಸು ಇಳಿದೀತು.) ಅದರ ಕಾಲು ಭಾಗದಲ್ಲಿ ಎರಡೋ ಹೆಚ್ಚೋ ಶಕ್ತಿ ದೊರೆತು, ಮೊದಲ ಸರದಿಯಲ್ಲಿಯೇ ಏಟು ಬೀಳುತ್ತದೆ. ಎಂದರೆ ಎಂಟು ಆಟಗಳಿಗೊಮ್ಮೆ. ಮನಸ್ಸಿನಲ್ಲಿ ಅಚ್ಚೊತ್ತುವುದು ಆ ಒಂದೇ ಆಟ. ಪುಚ್ಛ ಬಿದ್ದು ಸುಮ್ಮನಾದ ಮಿಸ್ಟಿಗಳ ನೆನಪನ್ನು ಯಾರು ಇಟ್ಟುಕೊಳ್ಳುತ್ತಾರೆ?

ಎರಡನೆಯ ಉದಾಹರಣೆ ‘ಪಿಕಾಚು ಇಎಕ್ಸ್’. ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯುತ್ ವರ್ಗದ ಪೊಕೆಮಾನ್ ಒಂದಕ್ಕೆ ೩೦ರಂತೆ ಅದು ಹೊಡೆಯುತ್ತದೆ. ಮೂರಿದ್ದರೆ ೯೦, ಒಂದೂ ಇಲ್ಲದಿದ್ದರೆ ಸೊನ್ನೆ. ಎದುರಿನಲ್ಲಿ ವಿದ್ಯುತ್ತಿಗೆ ಅಂಜುವ ನೀರಿನ ಪೊಕೆಮಾನ್ ಇದ್ದರೆ ಏಟಿಗೆ ಇನ್ನೂ ೨೦ ಸೇರುತ್ತದೆ. ಒಂದು ಕಟ್ಟು ಒಂದು ಬಗೆಯ ಎದುರಾಳಿಯ ಮೇಲೆ ನೂರಕ್ಕೆ ೬೦, ಇನ್ನೊಂದು ಬಗೆಯವನ ಮೇಲೆ ೪೦ ಗೆಲ್ಲುವುದೆಂದಿರಲಿ. ಮೊದಲ ಬಗೆಯವರು ನೂರಕ್ಕೆ ೭೦ ಮಂದಿಯಿದ್ದರೆ ಒಟ್ಟು ಗೆಲವು ೫೪. ಎರಡನೆಯವರು ೭೦ ಆದರೆ ೪೬. ಕಾರ್ಡಿನ ಒಂದಕ್ಷರವೂ ಬದಲಾಗದೆ ಬಲಿಷ್ಠವಾದುದು ದುರ್ಬಲವಾಯಿತು. ತುಳುನಾಡಿನ ಕೋಳಿ ಅಂಕದವರು ನೋಡುವ ಕುಕ್ಕುಟ ಪಂಚಾಂಗದಲ್ಲಿಯೂ ಕೇಳುವ ಪ್ರಶ್ನೆ ಇದೇ: ಯಾವ ಬಣ್ಣದ ಹುಂಜ ಯಾವ ಬಣ್ಣದ್ದರ ಎದುರು? ಪ್ರಶ್ನೆ ಸೊಗಸಾಗಿದೆ, ಉತ್ತರವನ್ನು ನಕ್ಷತ್ರಗಳಲ್ಲಿ ಹುಡುಕಿದರು, ಅಷ್ಟೆ. ಹೊಳೆಯುವ ಚಿತ್ರದ ಪಿಕಾಚುವಿಗಾಗಿ ಹಣ ಸುರಿಯುವವರ ವಿಷಯದಲ್ಲಿ ಹೇಳತಕ್ಕದ್ದು ಕಡಿಮೆ. ಅದು ಸಾಮಾನ್ಯ ಚಿತ್ರದ್ದಕ್ಕಿಂತ ಒಂದಂಕವೂ ಹೆಚ್ಚು ಹೊಡೆಯದು.

‘ಇಪ್ಪತ್ತು ಆಟ ಆಡಿದೆ, ಹನ್ನೆರಡು ಗೆದ್ದೆ, ಇನ್ನೇನು ಸಾಕ್ಷಿ ಬೇಕು?’ ಎನ್ನುವವರಿದ್ದಾರೆ. ಯಾವ ವಿಶೇಷವೂ ಇಲ್ಲದ, ಸಮಬಲದ ಕಟ್ಟಿನಿಂದಲೂ ಇಪ್ಪತ್ತರಲ್ಲಿ ಹನ್ನೆರಡು ಅಥವಾ ಹೆಚ್ಚು ಗೆಲ್ಲುವ ಸಂಭವ ನಾಲ್ಕರಲ್ಲಿ ಒಂದು. ೧೦೦ ಆಟಗಳಲ್ಲಿಯೂ ಗೆಲವಿನ ಪ್ರಮಾಣದಲ್ಲಿ ಶೇಕಡ ೫ರಷ್ಟು ಹೊಯ್ದಾಟ ಸಹಜ. ಒಂದು ಕಾರ್ಡು ಗೆಲವನ್ನು ೫೦ರಿಂದ ೫೩ಕ್ಕೆ ಏರಿಸುವುದೆಂದು ತಕ್ಕಮಟ್ಟಿಗೆ ನಂಬುವಂತೆ ತೋರಿಸಲು, ಆ ಕಾರ್ಡಿರುವ ಕಟ್ಟಿನಿಂದ ೨,೨೦೦, ಇಲ್ಲದ ಕಟ್ಟಿನಿಂದ ೨,೨೦೦ ಆಟಗಳು ಬೇಕು.

ಲಕ್ಷಾಂತರ ಆಟಗಳ ಲೆಕ್ಕವನ್ನು ಜಾಲತಾಣಗಳು ಕೊಡುತ್ತವೆಯಲ್ಲ ಎನ್ನಬಹುದು. ಕೊಡುತ್ತವೆ, ಅಲ್ಲಿ ಬೇರೊಂದು ಬಲೆಯಿದೆ. ‘ಈ ಕಾರ್ಡನ್ನು ಆಡಿದಾಗ ನೂರಕ್ಕೆ ೬೫ ಗೆಲವು’ ಎಂದರೆ ಕಾರ್ಡು ಗೆಲ್ಲಿಸಿತೆಂದೇ ಅರ್ಥವಲ್ಲ. ಬಹಳ ಶಕ್ತಿ ಬೇಡುವ ಕಾರ್ಡನ್ನು ಆಡುವ ಅವಕಾಶ ದೊರೆಯುವುದು ಹೆಚ್ಚಾಗಿ ಆಗಲೇ ಗೆಲ್ಲುತ್ತಿರುವವನಿಗೆ. ಯಕ್ಷಗಾನದಲ್ಲಿ ಮಂಗಳ ಹಾಡಿದ ಮೇಲೆ ಬೆಳಗಾಗುತ್ತದೆ. ಭಾಗವತರು ಸೂರ್ಯನನ್ನು ಎಬ್ಬಿಸಿದರೆಂದು ನಾವು ಹೇಳುವುದಿಲ್ಲ.

ಹಿರಿಯರು ಕೆಲವರು ಇದೆಲ್ಲ ಕಾಲಹರಣವೆಂದು ಮೂಗು ಮುರಿಯುತ್ತಾರೆ. ನಾವು ಒಪ್ಪುವುದಿಲ್ಲ. ಪಠ್ಯಪುಸ್ತಕದ ಕೆಂಪು ಬಿಳಿ ಚೆಂಡುಗಳ ಚೀಲಕ್ಕಿಂತ ಇದು ಸಂಭವನೀಯತೆಗೆ ಹೆಚ್ಚು ಜೀವಂತವಾದ ಪ್ರಯೋಗಶಾಲೆ. ಕಾಲೇಜಿನ ವಿಜ್ಞಾನ ಸಂಘಗಳು ಇದನ್ನು ಕೈಗೆತ್ತಿಕೊಳ್ಳಬೇಕು. ಇಪ್ಪತ್ತು ಮಂದಿ ಸೇರಲಿ. ಎರಡು ಕಟ್ಟುಗಳು, ಒಂದರಲ್ಲಿ ಎರಡು ಮಿಸ್ಟಿ, ಇನ್ನೊಂದರಲ್ಲಿ ಅವುಗಳ ಸ್ಥಾನದಲ್ಲಿ ಬೇರೆ ಎರಡು ಕಾರ್ಡು. ಉಳಿದ ಹದಿನೆಂಟು ಒಂದೇ ಆಗಿರಲಿ. ಯಾವ ಕಟ್ಟಿನಿಂದ ಆಡಬೇಕೆಂಬುದನ್ನು ಪ್ರತಿ ಆಟಕ್ಕೂ ನಿಜವಾದ ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಮನಸ್ಸಿಗೆ ಬಂದದ್ದನ್ನು ಆರಿಸಕೂಡದು. ಮೊದಲು ಆಡಿದವರು ಯಾರು, ಎದುರಾಳಿಯ ಕಟ್ಟು ಯಾವುದು, ನೆಟ್‌ವರ್ಕ್ ಕಡಿದು ಸೋತದ್ದೆಷ್ಟು, ಎಲ್ಲವನ್ನೂ ಬರೆದಿಡಬೇಕು. ತಲೆಗೆ ೨೨೦ ಆಟ; ಆಟಕ್ಕೆ ಐದು ನಿಮಿಷವೆಂದರೆ ಸುಮಾರು ೧೮ ತಾಸು. ಒಂದು ಸೆಮಿಸ್ಟರಿನಲ್ಲಿ ದಿನಕ್ಕೆ ಎರಡು ಮೂರು ಆಟವಾದೀತು, ಅವರು ಈಗ ಆಡುತ್ತಿರುವುದಕ್ಕಿಂತ ಹೆಚ್ಚೇನಲ್ಲ. ಮಿಸ್ಟಿಯ ನಾಣ್ಯ ಎಷ್ಟು ಸಲ ಶಿರ ತೋರಿತೆಂಬುದಕ್ಕೂ ಒಂದು ಕಲಮು ಇರಲಿ. ಯಂತ್ರದ ನಾಣ್ಯ ಮೋಸದ್ದೆಂದು ದೂರುವವರು ಪ್ರತಿ ತರಗತಿಯಲ್ಲಿಯೂ ಇದ್ದಾರೆ.